ಬಿಸಿಲು ಏರಿದ ಕೂಡಲೇ ಸೋಲಾರ್ ಇನ್ವರ್ಟರ್ ಆಫ್ ಆಗ್ತಿದೆ, ‘ಗ್ರಿಡ್ ಓವರ್‌ವೋಲ್ಟೇಜ್’ ಅಂತೆ. ಯಾರಿಗಾದರೂ ಗೊತ್ತಾ?

ಚಿಂಚವಾಡ ತಾರಸಿ · ಗುರುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಊರು ಧಾರವಾಡ, ಪುಣೆಗೆ ಬಂದು 19 ವರ್ಷ ಆಯ್ತು, ಈಗ ಚಿಂಚವಾಡದಲ್ಲಿ ಸ್ವಂತ ಮನೆ. ಫೆಬ್ರುವರಿಯಲ್ಲಿ ತಾರಸಿ ಮೇಲೆ 5 ಕಿಲೋವ್ಯಾಟ್ ಸೋಲಾರ್ ಹಾಕಿಸಿದೆವು, ಸಿಂಗಲ್ ಫೇಸ್. ಸೂರ್ಯಘರ್ ಯೋಜನೆಯ 78,000 ಸಬ್ಸಿಡಿಯೂ ಬಂತು, ಆ ಕಡೆ ಏನೂ ತಕರಾರಿಲ್ಲ. ತಕರಾರು ಬೇರೆ. ಬೆಳಿಗ್ಗೆ ಚೆನ್ನಾಗಿ ನಡೆಯುತ್ತೆ. ಹನ್ನೊಂದು ಗಂಟೆ ಆಗಿ ಬಿಸಿಲು ನೆತ್ತಿಗೆ ಬರುತ್ತಿದ್ದ ಹಾಗೆ ಒಳಗೆ ಟಕ್ ಅಂತ ಸದ್ದು, ಕೆಂಪು ದೀಪ, ಪರದೆ ಮೇಲೆ ‘ಗ್ರಿಡ್ ಓವರ್‌ವೋಲ್ಟೇಜ್’. ಒಂದು ನಿಮಿಷ ಸುಮ್ನೆ ಕೂರುತ್ತೆ, ಮತ್ತೆ ಟಕ್, ಶುರು, ಮತ್ತೆ ಟಕ್, ಬಂದ್. ಮೂರು ಗಂಟೆವರೆಗೂ ಇದೇ ಆಟ. ಕೆಲವು ದಿನ ಆಗುತ್ತೆ, ಕೆಲವು ದಿನ ಆಗಲ್ಲ. ಹಾಕಿಸಿದವರನ್ನು ಕೇಳಿದರೆ ಲೈನ್ ಸರಿ ಇಲ್ಲ ಅಂತಾರೆ, ಲೈನಿನವರನ್ನು ಕೇಳಿದರೆ ನಿಮ್ಮ ಇನ್ವರ್ಟರೇ ಸರಿ ಇಲ್ಲ ಅಂತಾರೆ. ಇಬ್ಬರ ನಡುವೆ ನಾನು ಚಹಾ ಮಾಡಿ ಕೊಟ್ಟಿದ್ದೇ ಬಂತು. ಯಾರ ಮಾತು ನಂಬಲಿ?

ವಾಕಡ್ ಟೆಕ್ಕಿ · ಗುರುವಾರ ರಾತ್ರಿ

ಸುಲಭ ಇದೆ ಅಕ್ಕಾ. ಇನ್ವರ್ಟರ್ ಸೆಟ್ಟಿಂಗ್‌ನಲ್ಲಿ ದೇಶ ಅಂತ ಒಂದು ಕಡೆ ಇರುತ್ತೆ. ಅಲ್ಲಿ ಭಾರತ ತೆಗೆದು ಮಿತಿ ಜಾಸ್ತಿ ಇರೋ ದೇಶ ಯಾವುದಾದರೂ ಹಾಕಿ. ನನ್ನ ಗೆಳೆಯ ಹಾಗೇ ಮಾಡಿದ್ದಾನೆ, ಆಮೇಲೆ ಒಂದು ಸಲವೂ ಆಫ್ ಆಗಿಲ್ಲ.

ಭೋಸರಿ ಕಾಕಾ · ಶುಕ್ರವಾರ ಬೆಳಿಗ್ಗೆ

ಅದನ್ನು ಮಾತ್ರ ಮಾಡಬೇಡಿ ಅಕ್ಕಾ. ಜ್ವರ ಬಂದರೆ ಥರ್ಮಾಮೀಟರ್ ಒಡೆದ ಹಾಗಾಗುತ್ತೆ. ನಾನು 27 ವರ್ಷ ಮೋಟರ್ ಡ್ರೈವ್, ಯುಪಿಎಸ್ ರಿಪೇರಿ ಮಾಡಿದವನು, ಇಂಥ ‘ಒಂದು ಸಲವೂ ಆಫ್ ಆಗಿಲ್ಲ’ ಕೇಸುಗಳು ಆಮೇಲೆ ನನ್ನ ಬೆಂಚಿಗೇ ಬರುತ್ತಿದ್ದವು.

ನಮ್ಮಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮ ಇದೆ. ನಿಗದಿತ ವೋಲ್ಟೇಜಿನ 110 ಪರ್ಸೆಂಟ್ ಮೇಲೆ ಹೋದರೆ ಅಥವಾ 80ರ ಕೆಳಗೆ ಇಳಿದರೆ 2 ಸೆಕೆಂಡ್ ಒಳಗೆ ಸೋಲಾರ್ ಲೈನಿನಿಂದ ಬಿಡಿಸಿಕೊಳ್ಳಬೇಕು. 230ಕ್ಕೆ ಲೆಕ್ಕ ಹಾಕಿದರೆ ಮೇಲೆ 253, ಕೆಳಗೆ 184. ಎಲ್ಲ ಸರಿ ಹೋಗಿ 60 ಸೆಕೆಂಡ್ ಆಗುವವರೆಗೆ ಮತ್ತೆ ಸೇರುವ ಹಾಗಿಲ್ಲ. ನೀವು ಹೇಳಿದ ಒಂದು ನಿಮಿಷ ಅದೇ. ಅಂದರೆ ನಿಮ್ಮ ಇನ್ವರ್ಟರ್ ಕೆಟ್ಟಿಲ್ಲ, ಹೇಳಿದ ಮಾತು ಕೇಳುತ್ತಿದೆ. ಮಿತಿ ಏರಿಸಿದರೆ ನಿಮ್ಮ ಮನೆಯ ಫ್ರಿಜ್ಜು, ಪಕ್ಕದ ಮನೆಯ ಟಿವಿ ಎಲ್ಲ 258, 260 ಕುಡಿಯಬೇಕಾಗುತ್ತೆ.

ಮೊದಲು ಇಷ್ಟು ಹೇಳಿ. ತಾರಸಿಯಿಂದ ಮೀಟರ್‌ವರೆಗೆ ವೈರ್ ಎಷ್ಟು ಉದ್ದ, ಎಷ್ಟು ದಪ್ಪ? ಸೋಲಾರ್ ಆಫ್ ಇದ್ದಾಗ ಮೀಟರ್ ಹತ್ತಿರ ಎಷ್ಟು ವೋಲ್ಟ್? ಆನ್ ಆಗಿ ಕರೆಂಟ್ ಏರುತ್ತಿರುವಾಗ, ಟಕ್ ಅನ್ನುವ ಮೊದಲು, ಮೀಟರ್ ಹತ್ತಿರ ಎಷ್ಟು, ಇನ್ವರ್ಟರ್ ಹತ್ತಿರ ಎಷ್ಟು? ವೈರ್‌ಮನ್ ಕರೆಸಿ ನೋಡಿಸಿ, ನೀವೇ ಮುಚ್ಚಳ ತೆಗೆಯಬೇಡಿ.

ಇನ್ನೊಂದು. ಯಾವ ಯಾವ ವಾರ ಹೀಗಾಗಿದೆ, ಆ್ಯಪ್‌ನಲ್ಲಿ ನೋಡಿ ಬರೆಯಿರಿ. ನನಗೊಂದು ಗುಮಾನಿ ಇದೆ, ಈಗ ಹೇಳಲ್ಲ.

ಚಿಂಚವಾಡ ತಾರಸಿ · ಶುಕ್ರವಾರ ಸಂಜೆ

ಕಾಕಾ, ಆ್ಯಪ್ ನೋಡಿದೆ. ಹೋದ ಐದು ವಾರದಲ್ಲಿ ಐದು ಗುರುವಾರವೂ ಇದೆ! ಬೇರೆ ದಿನ ಅಲ್ಲೊಂದು ಇಲ್ಲೊಂದು. ಗುರುವಾರ ಲೈನ್ ರಿಪೇರಿ ಅಂತ ಕರೆಂಟ್ ತೆಗೆಯೋದು ಗೊತ್ತು, ಆದರೆ ಈ ದಿನಗಳಲ್ಲಿ ಕರೆಂಟ್ ಇತ್ತು.

ಭೋಸರಿ ಕಾಕಾ · ಶುಕ್ರವಾರ ಸಂಜೆ

ಇದೇ ನನ್ನ ಗುಮಾನಿ. ಪಿಂಪ್ರಿ ಚಿಂಚವಾಡದ ವರ್ಕ್‌ಶಾಪ್‌ಗಳಿಗೆ ವಾರದ ರಜೆ ಯಾವತ್ತು? ಗುರುವಾರ. ಲೇತ್, ಪ್ರೆಸ್, ಕಂಪ್ರೆಸರ್ ಎಲ್ಲ ಬಂದ್. ಲೈನಿನಲ್ಲಿ ಎಳೆಯುವವರಿಲ್ಲ, ವೋಲ್ಟೇಜ್ ತಾನಾಗಿ ಮೇಲೆ ಕೂರುತ್ತೆ. ಅದರ ಮೇಲೆ ನೀವು, ನಿಮ್ಮ ಗಲ್ಲಿಯ ಇನ್ನೂ ನಾಲ್ಕು ಮನೆ, ನಡುಮಧ್ಯಾಹ್ನ ಒಳಗೆ ತಳ್ಳುತ್ತಿದ್ದೀರಿ. ಅಳತೆ ಮಾತ್ರ ಗುರುವಾರವೇ ಮಾಡಿಸಿ, ಬೇರೆ ದಿನ ಮಾಡಿದರೆ ಕಾಯಿಲೆ ಕಾಣಲ್ಲ.

ವಾಕಡ್ ಟೆಕ್ಕಿ · ಶುಕ್ರವಾರ ರಾತ್ರಿ

ಸೆಟ್ಟಿಂಗ್ ವಿಷಯ ಬಿಟ್ಟೆ, ಬೈಬೇಡಿ. ಆದರೆ ನನಗೊಂದು ಅರ್ಥ ಆಗಲ್ಲ. ಇನ್ವರ್ಟರ್ ಅಂದರೆ ವೋಲ್ಟೇಜ್ ತಯಾರಿಸೋ ಯಂತ್ರ ಅಲ್ವಾ? ಹೊರಗೆ ಜಾಸ್ತಿ ಆದರೆ ತಾನೇ ಸ್ವಲ್ಪ ಕಡಿಮೆ ಮಾಡಿಕೊಂಡರೆ ಆಯ್ತಲ್ಲ, ಆಫ್ ಯಾಕಾಗಬೇಕು?

ಪಾಷಾಣ ಪಿಎಚ್‌ಡಿ · ಶುಕ್ರವಾರ ರಾತ್ರಿ

ನನ್ನ ಥೀಸಿಸ್ ಇದರ ಮೇಲೇ, ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ, ತಡಕೊಳ್ಳಿ.

ಕರೆಂಟ್ ಹೋದಾಗ ಹಚ್ಚುವ ಬ್ಯಾಟರಿ ಇನ್ವರ್ಟರ್ ವೋಲ್ಟೇಜ್ ತಯಾರಿಸುತ್ತೆ, ಸರಿ. ಆದರೆ ತಾರಸಿ ಸೋಲಾರ್‌ನದ್ದು ಬೇರೆ ಜಾತಿ. ಅದು ಕರೆಂಟ್ ತಳ್ಳುವ ಯಂತ್ರ. ವೋಲ್ಟೇಜ್ ಗ್ರಿಡ್‌ನದ್ದು. ಪಂಢರಪುರದ ವಾರಿಯಲ್ಲಿ ದಿಂಡಿ, ಅಂದರೆ ಭಜನೆಯ ಗುಂಪು, ಹೋಗೋದು ನೋಡಿದ್ದೀರಲ್ಲ, ಸಾವಿರ ಜನ ಒಂದೇ ತಾಳಕ್ಕೆ ಹೆಜ್ಜೆ ಹಾಕ್ತಾರೆ. ಹೊಸದಾಗಿ ಸೇರುವವನು ಮೊದಲು ಕಿವಿಗೊಟ್ಟು ತಾಳ ಕೇಳ್ತಾನೆ, ಆಮೇಲೆ ತನ್ನ ತಾಳ ತಟ್ಟುತ್ತಾನೆ. ಇನ್ವರ್ಟರ್ ಒಳಗೆ ಈ ಕೇಳುವ ಕೆಲಸ ಮಾಡೋದಕ್ಕೆ ಪಿಎಲ್ಎಲ್ ಅಂತಾರೆ. 50 ಹರ್ಟ್ಸ್ ಅಲೆ ಈಗ ಎಲ್ಲಿದೆ ಅಂತ ಹಿಡಿದು ಅದಕ್ಕೆ ಸರಿಯಾಗಿ ಕರೆಂಟ್ ಬಿಡುತ್ತೆ. ತಾಳ ತನ್ನದಲ್ಲ.

ಇನ್ವರ್ಟರ್ ನಿಜವಾಗಿ ಕಾಯುವ ವೋಲ್ಟೇಜ್ ಒಂದಿದೆ, ಅದು ಒಳಗಿನ ಡಿಸಿ ಬಸ್, ಪ್ಯಾನೆಲ್ ಪವರ್ ಹೊರಗೆ ಹೋಗುವ ಮೊದಲು ಬಂದು ಸೇರುವ ಜಾಗ. ಸಿಂಗಲ್ ಫೇಸ್‌ನಲ್ಲಿ ಸುಮಾರು 400 ವೋಲ್ಟ್ ಇಟ್ಟಿರ್ತಾರೆ. ಯಾಕೆ ಅಂದರೆ 230 ವೋಲ್ಟ್ ಅಲೆಯ ತುದಿ 325, 253 ಆದರೆ 358. ಬಸ್ ಅದಕ್ಕಿಂತ ಮೇಲೆ ಇಲ್ಲದಿದ್ದರೆ ಹೊರಗೆ ತಳ್ಳಲು ಆಗಲ್ಲ. ಬಿಸಿಲು ಜಾಸ್ತಿ ಆದರೆ ಪ್ಯಾನೆಲ್‌ನಿಂದ ಬಸ್‌ಗೆ ಬರೋದು ಜಾಸ್ತಿ, ಬಸ್ ಏರಲು ನೋಡುತ್ತೆ. ಹೊರಗಿನ ಲೂಪ್ (ಲೂಪ್ ಅಂದರೆ ಅಳೆದು ಅಳೆದು ತಿದ್ದುವ ಕಂಟ್ರೋಲ್) ಅದನ್ನು ನೋಡಿ ‘ಕರೆಂಟ್ ಜಾಸ್ತಿ ಬಿಡು’ ಅನ್ನುತ್ತೆ, ಒಳಗಿನ ಲೂಪ್ ಬಿಡುತ್ತೆ. ಕಾಲುವೆಗೆ ನೀರು ಬಂದಷ್ಟು ತೂಬು ಎತ್ತಿದ ಹಾಗೆ. ಕೆಳಗಿನ ಗದ್ದೆಯಲ್ಲಿ ನೀರು ನಿಂತಿದೆಯಾ ಅಂತ ತೂಬು ಕೇಳಲ್ಲ.

ವಾಕಡ್ ಟೆಕ್ಕಿ · ಶನಿವಾರ

ಹಾಗಾದರೆ ಹೊರಗಿನ ಲೂಪನ್ನು ಜೋರು ಮಾಡಿ, ಫಾಸ್ಟ್ ಆಗಿ ನೋಡಿಕೊಳ್ಳಲಿ. ಸಾಫ್ಟ್‌ವೇರ್ ತಾನೇ?

ಪಾಷಾಣ ಪಿಎಚ್‌ಡಿ · ಶನಿವಾರ

ಅದೇ ತಪ್ಪು ನಾನು ಮೊದಲ ವರ್ಷ ಮಾಡಿದ್ದೆ. ಸಿಂಗಲ್ ಫೇಸ್‌ನಲ್ಲಿ ಹೊರಗೆ ಹೋಗುವ ಪವರ್ ಒಂದೇ ಸಮ ಇರಲ್ಲ, ಸೆಕೆಂಡಿಗೆ 100 ಸಲ ಏರಿ ಇಳಿಯುತ್ತೆ. ಪ್ಯಾನೆಲ್ ಮಾತ್ರ ಒಂದೇ ಸಮ ಕೊಡುತ್ತೆ. ನಡುವಿನ ವ್ಯತ್ಯಾಸ ಕೆಪಾಸಿಟರ್ ನುಂಗಬೇಕು. 5 ಕಿಲೋವ್ಯಾಟ್, 400 ವೋಲ್ಟ್ ಬಸ್, 2,000 ಮೈಕ್ರೋಫ್ಯಾರಡ್ ಇಟ್ಟುಕೊಂಡು ಲೆಕ್ಕ ಹಾಕಿ, ಬಸ್ ಮೇಲೆ ಸುಮಾರು 20 ವೋಲ್ಟ್ ಅಲೆ ಬರುತ್ತೆ, ಕೆಳಗಿನ ತುದಿಯಿಂದ ಮೇಲಿನ ತುದಿಗೆ. ಲೂಪ್ ತುಂಬಾ ಚುರುಕಾದರೆ ಈ 100 ಹರ್ಟ್ಸ್ ಅಲೆಯ ಹಿಂದೆಯೇ ಓಡುತ್ತೆ. ಅದು 50 ಹರ್ಟ್ಸ್ ಕರೆಂಟಿಗೆ ಗುಣಿಸಿ 150 ಹರ್ಟ್ಸ್ ಹುಟ್ಟುತ್ತೆ, ಮೂರನೇ ಹಾರ್ಮೋನಿಕ್, ಅಂದರೆ ಮೂರು ಪಟ್ಟು ವೇಗದ ಬೇಡದ ಅಲೆ. ನನ್ನ ಸ್ಕೋಪ್‌ನಲ್ಲಿ ಕರೆಂಟ್ ಅಲೆ ಇಡ್ಲಿ ಥರ ಚಪ್ಪಟೆ ಆಗಿತ್ತು, ಗೈಡ್ ನೋಡಿ ನಕ್ಕರು. ಅದಕ್ಕೇ ಬೇಕಂತಲೇ ಆ ಲೂಪನ್ನು ನಿಧಾನ ಇಡ್ತಾರೆ, ಹತ್ತಿಪ್ಪತ್ತು ಹರ್ಟ್ಸ್, ಇಲ್ಲಾಂದ್ರೆ 100 ಹರ್ಟ್ಸ್ ಕಾಣದ ಹಾಗೆ ಫಿಲ್ಟರ್ ಹಾಕ್ತಾರೆ.

ಅದೇನೇ ಇರಲಿ, ಎಷ್ಟೇ ಚುರುಕು ಮಾಡಿದರೂ ಅಕ್ಕನ ಸಮಸ್ಯೆಗೂ ಇದಕ್ಕೂ ಸಂಬಂಧ ಇಲ್ಲ. ಅವರದ್ದು ಹೊರಗಿನ ವೋಲ್ಟೇಜ್.

ಚಿಂಚವಾಡ ತಾರಸಿ · ಮುಂದಿನ ಗುರುವಾರ, ಸಂಜೆ

ಇಡ್ಲಿ ಒಂದು ಬಿಟ್ಟು ಏನೂ ಅರ್ಥ ಆಗಲಿಲ್ಲ, ಪರವಾಗಿಲ್ಲ. ಅಳತೆ ತಂದಿದ್ದೀನಿ.

ವೈರ್ 4 ಸ್ಕ್ವೇರ್ ಎಂಎಂ ತಾಮ್ರ, ತಾರಸಿಯಿಂದ ಗೇಟ್ ಹತ್ತಿರದ ಮೀಟರ್‌ವರೆಗೆ 35 ಮೀಟರ್. ಇವತ್ತು ಸೋಲಾರ್ ಆಫ್ ಮಾಡಿದಾಗ ಮೇಲೂ ಕೆಳಗೂ 248. ಆನ್ ಆಗಿ ಕ್ಲಾಂಪ್ ಮೀಟರ್ 10 ಆಂಪಿಯರ್ ತೋರಿಸಿದಾಗ ಕೆಳಗೆ ಮೀಟರ್ ಹತ್ತಿರ 250, ಮೇಲೆ ಇನ್ವರ್ಟರ್ ಹತ್ತಿರ 253. ಅಷ್ಟರಲ್ಲಿ ಟಕ್. ನಾಲ್ಕು ಸಲ ನೋಡಿದೆವು, ನಾಲ್ಕು ಸಲವೂ ಹೆಚ್ಚು ಕಡಿಮೆ ಅಷ್ಟೇ. ನಿನ್ನೆ ಬುಧವಾರ ಆಫ್ ಮಾಡಿ ನೋಡಿದಾಗ 242 ಇತ್ತು.

ಭೋಸರಿ ಕಾಕಾ · ಗುರುವಾರ ರಾತ್ರಿ

ಶಭಾಷ್ ಅಕ್ಕಾ. ಇಷ್ಟು ಚೊಕ್ಕಟ ರೀಡಿಂಗ್ ನನಗೆ ಇಂಜಿನಿಯರುಗಳೂ ತಂದುಕೊಟ್ಟಿಲ್ಲ.

ಒಳಗಿನಿಂದ ಹೊರಗೆ ಕರೆಂಟ್ ತಳ್ಳಬೇಕಾದರೆ ಇನ್ವರ್ಟರ್ ತುದಿಯಲ್ಲಿ ವೋಲ್ಟೇಜ್ ಲೈನಿಗಿಂತ ಸ್ವಲ್ಪ ಮೇಲಿರಬೇಕು. ಎಷ್ಟು ಮೇಲೆ ಅನ್ನೋದು ವೈರಿನ ರೆಸಿಸ್ಟೆನ್ಸ್ ಮೇಲೆ. 4 ಸ್ಕ್ವೇರ್ ತಾಮ್ರಕ್ಕೆ ಕಿಲೋಮೀಟರಿಗೆ 4.61 ಓಮ್. ಹೋಗಿ ಬರುವ ದಾರಿ 70 ಮೀಟರ್, ಅಂದರೆ 0.32 ಓಮ್. 10 ಆಂಪಿಯರ್‌ಗೆ 3.2 ವೋಲ್ಟ್. ನೀವು ನೋಡಿದ್ದು 3. ಸರಿಯಾಗಿ ಕೂತಿತು. ಇನ್ನು ಮೀಟರ್‌ನಿಂದ ಆಚೆ 2 ವೋಲ್ಟ್ ಏರಿದೆ, ಅಂದರೆ 0.2 ಓಮ್. ಇದು ನನಗೆ ಸ್ವಲ್ಪ ಜಾಸ್ತಿ ಅನಿಸುತ್ತೆ. ಎಲ್ಲೋ ಒಂದು ಜೋಡಣೆ ಸಡಿಲ ಇರಬೇಕು.

ಪೂರ್ತಿ 20 ಆಂಪಿಯರ್ ಬಿಟ್ಟರೆ ಬುಧವಾರ 242ಕ್ಕೆ 10.5 ಸೇರಿ 252.5, ಕೂದಲೆಳೆಯಲ್ಲಿ ಪಾಸು. ಗುರುವಾರ 248ಕ್ಕೆ ಸೇರಿ 258.5, ಫೇಲು. 10 ಆಂಪಿಯರ್ ಅಂದರೆ 2.5 ಕಿಲೋವ್ಯಾಟ್, ಗುರುವಾರ ನಿಮ್ಮ ಸೋಲಾರ್ ಅರ್ಧಕ್ಕೇ ಹೊಸ್ತಿಲು ಮುಟ್ಟುತ್ತಿದೆ. ಹಾಕಿಸಿದವರೂ ಸರಿ, ಲೈನಿನವರೂ ಸರಿ, ಇಬ್ಬರೂ ಅರ್ಧರ್ಧ ತಪ್ಪು. 5 ಕಿಲೋವ್ಯಾಟಿಗೆ 35 ಮೀಟರ್ ದೂರಕ್ಕೆ 4 ಸ್ಕ್ವೇರ್ ಎಳೆದಿದ್ದು ಕಂಜೂಸಿ. ಬಿಸಿಯಾಗಿ ಸುಡಲ್ಲ, ಅಷ್ಟರ ಮಟ್ಟಿಗೆ ಸರಿ. ಆದರೆ ಸೋಲಾರ್‌ಗೆ ವೈರ್ ಆರಿಸುವಾಗ ಬಿಸಿ ಅಲ್ಲ, ವೋಲ್ಟೇಜ್ ಏರಿಕೆ ನೋಡಬೇಕು. ನೂರಕ್ಕೆ ಎಂಬತ್ತು ಜನ ನೋಡಲ್ಲ ಅಂತ ನನ್ನ ಅಂದಾಜು.

10 ಸ್ಕ್ವೇರ್ ಹಾಕಿಸಿ. ಕಿಲೋಮೀಟರಿಗೆ 1.83 ಓಮ್. ಏರಿಕೆ ಅರ್ಧಕ್ಕಿಂತ ಕೆಳಗೆ ಬರುತ್ತೆ. ಜೊತೆಗೆ ಮೀಟರ್ ಬೋರ್ಡಿನ ನ್ಯೂಟ್ರಲ್ ತೆಗೆಸಿ ನೋಡಿ. ಸೀಲ್ ಇರುತ್ತೆ, ಲೈನ್‌ಮನ್ ಎದುರಿಗೇ ತೆಗೆಸಬೇಕು.

ನಿಗಡಿ ಕೊನೆಮನೆ · ಶುಕ್ರವಾರ

ನಡುವೆ ಬಾಯಿ ಹಾಕ್ತೀನಿ. 230 ಕೊಡಬೇಕಾದ ಲೈನಿನಲ್ಲಿ ಖಾಲಿ ಇದ್ದಾಗಲೇ 248 ಯಾಕೆ? ಮೊದಲು ಅದನ್ನು ಕೇಳಿ.

ಭೋಸರಿ ಕಾಕಾ · ಶುಕ್ರವಾರ

ಒಳ್ಳೇ ಪ್ರಶ್ನೆ. ನಿಮ್ಮ ಗಲ್ಲಿಯ ಡಿಪಿ, ಅಂದರೆ ಬೀದಿ ಟ್ರಾನ್ಸ್‌ಫಾರ್ಮರ್, ಮೇಲೆ ಒಂದು ಹೆಸರಿನ ಪಟ್ಟಿ ಇರುತ್ತೆ, ಓದಿ. ಒಂದು ಕಡೆ 11,000 ಅಥವಾ 22,000 ವೋಲ್ಟ್, ಇನ್ನೊಂದು ಕಡೆ 433. ಅದನ್ನು 1.732ರಿಂದ ಭಾಗಿಸಿ. 250! ನಮ್ಮ ಟ್ರಾನ್ಸ್‌ಫಾರ್ಮರ್ ಖಾಲಿ ಇದ್ದಾಗ ಕೊಡುವುದೇ ಫೇಸಿಗೆ 250. ಯಾಕೆ ಹಾಗೆ ಮಾಡಿದರು? ಆ ಕಾಲದಲ್ಲಿ ಕರೆಂಟ್ ಒಂದೇ ದಿಕ್ಕಿಗೆ ಹರಿಯುತ್ತಿತ್ತು, ಡಿಪಿಯಿಂದ ಮನೆಗೆ. ದಾರಿಯಲ್ಲಿ ಇಳಿದು ಇಳಿದು ಕೊನೆ ಮನೆಗೆ ಮುಟ್ಟುವಾಗ 220, 215 ಆದರೂ ಸಿಗಲಿ ಅಂತ ಮೊದಲೇ ಏರಿಸಿಟ್ಟರು. ಈಗ ಮನೆಗಳೇ ವಾಪಸ್ ತಳ್ಳುತ್ತಿವೆ. ಮಿತಿ 253, ಆರಂಭ 250. ಉಳಿದ ಜಾಗ ಮೂರೇ ವೋಲ್ಟ್.

ವಾಕಡ್ ಟೆಕ್ಕಿ · ಶುಕ್ರವಾರ

ಹಾಗಾದರೆ ಡಿಪಿಯಲ್ಲೇ ಕಡಿಮೆ ಮಾಡಲಿ. ಮುಗೀತಲ್ಲ?

ಭೋಸರಿ ಕಾಕಾ · ಶುಕ್ರವಾರ

ಮಾಡಬಹುದು. ಟ್ರಾನ್ಸ್‌ಫಾರ್ಮರ್‌ನಲ್ಲಿ ವೋಲ್ಟೇಜ್ ಏರಿಸಿ ಇಳಿಸುವ ಟ್ಯಾಪ್ ಅಂತ ಇರುತ್ತೆ, ಒಂದು ಹೆಜ್ಜೆಗೆ 2.5 ಪರ್ಸೆಂಟ್, ಅಂದರೆ ಆರು ವೋಲ್ಟ್ ಚಿಲ್ಲರೆ. ಆದರೆ ಅದನ್ನು ಕರೆಂಟ್ ತೆಗೆದೇ ತಿರುಗಿಸಬೇಕು. ಮಧ್ಯಾಹ್ನ ಒಂದು, ಸಂಜೆ ಒಂದು ಅಂತ ಆಡಿಸುವ ವಸ್ತು ಅಲ್ಲ.

ನಿಗಡಿ ಕೊನೆಮನೆ · ಶುಕ್ರವಾರ ರಾತ್ರಿ

ಕೈ ಮುಗಿದು ಕೇಳ್ತೀನಿ, ಟ್ಯಾಪ್ ಇಳಿಸಿ ಅಂತ ಅರ್ಜಿ ಕೊಡುವ ಮೊದಲು ಕೊನೆ ಮನೆಯವರನ್ನು ಒಂದು ಮಾತು ಕೇಳಿ. ನಮ್ಮದು ಡಿಪಿಯಿಂದ ಕಟ್ಟಕಡೆಯ ಮನೆ. ಮೇ ತಿಂಗಳ ರಾತ್ರಿ ಎಲ್ಲರೂ ಎಸಿ ಹಾಕಿದಾಗ ನಮಗೆ 198 ಬರುತ್ತೆ. ನಮ್ಮ ಎಸಿ ಗುರ್ ಅಂದು ನಿಲ್ಲುತ್ತೆ, ಶುರುವಾಗಲ್ಲ. ಅದರಲ್ಲಿ ಇನ್ನಾರು ಕಳೆದರೆ? ಮಧ್ಯಾಹ್ನ ನಿಮ್ಮ ಯುನಿಟ್ ಉಳಿಯಲಿ ಅಂತ ರಾತ್ರಿ ನಮ್ಮ ಫ್ಯಾನ್ ನಿಧಾನ ತಿರುಗಬೇಕಾ? ಸೋಲಾರ್ ಹಾಕಿಸಲು ನಮಗೆ ತಾರಸಿಯೇ ಇಲ್ಲ.

ಚಿಂಚವಾಡ ತಾರಸಿ · ಶುಕ್ರವಾರ ರಾತ್ರಿ

ಇದು ನನಗೆ ಹೊಳೆದಿರಲೇ ಇಲ್ಲ. ಅರ್ಜಿ ಬರೆದು ಇಟ್ಟಿದ್ದೆ, ಕೊಡಲ್ಲ. ನಮ್ಮ ಗಲ್ಲಿಯಲ್ಲೂ ಕೊನೆಗೆ ಒಬ್ಬರು ಅಜ್ಜಿ ಇದ್ದಾರೆ, ಅವರ ಮನೆಯ ಟ್ಯೂಬ್‌ಲೈಟ್ ಸಂಜೆ ಮಿಣುಕೋದು ನಾನೇ ನೋಡಿದ್ದೀನಿ.

ಪಾಷಾಣ ಪಿಎಚ್‌ಡಿ · ಶನಿವಾರ

ನಡುದಾರಿ ಇದೆ. ಇನ್ವರ್ಟರ್‌ಗೆ ಆಫ್ ಆಗೋದೊಂದೇ ಗೊತ್ತು ಅಂತ ಅಲ್ಲ, ಈಗಿನವುಗಳಿಗೆ ಮೆಲ್ಲಗೆ ಜಾರಿಕೊಳ್ಳೋದೂ ಗೊತ್ತು. ಎರಡು ರೀತಿ. ವೋಲ್ಟ್-ವ್ಯಾಟ್ ಅಂದರೆ ವೋಲ್ಟೇಜ್ ಏರಿದ ಹಾಗೆ ಪವರ್ ಇಳಿಸೋದು. ವೋಲ್ಟ್-ವಾರ್ ಅಂದರೆ ರಿಯಾಕ್ಟಿವ್ ಪವರ್ (ಕೆಲಸ ಮಾಡದೆ ಲೈನಿನಲ್ಲಿ ಹಿಂದೆ ಮುಂದೆ ಓಡಾಡುವ ಪವರ್, ಅದರ ಅಳತೆಯೇ ವಾರ್) ಎಳೆದುಕೊಂಡು ವೋಲ್ಟೇಜ್ ತಗ್ಗಿಸೋದು.

ಇದರ ಚರಿತ್ರೆ ತಮಾಷೆ ಇದೆ. ಅಮೆರಿಕದ ಐಇಇಇ 1547 ಅನ್ನುವ ಮಾನದಂಡದ 2003ರ ಆವೃತ್ತಿಯಲ್ಲಿ, ಇಂಥ ಸಣ್ಣ ಸ್ಥಾವರ ಗ್ರಿಡ್ ವೋಲ್ಟೇಜಿಗೆ ಕೈ ಹಾಕಲೇಬಾರದು ಅಂತ ಇತ್ತು. 2018ರ ಆವೃತ್ತಿಯಲ್ಲಿ ಉಲ್ಟಾ, ಈ ಶಕ್ತಿ ಇರಲೇಬೇಕು. ಹದಿನೈದು ವರ್ಷದಲ್ಲಿ ‘ಮುಟ್ಟಬೇಡ’ ಹೋಗಿ ‘ಮುಟ್ಟದೆ ಇರಬೇಡ’ ಆಯ್ತು. ಅದರ ಮಾಮೂಲಿ ಸೆಟ್ಟಿಂಗ್‌ನಲ್ಲಿ ವೋಲ್ಟ್-ವ್ಯಾಟ್ 106 ಪರ್ಸೆಂಟ್‌ನಿಂದ ಶುರುವಾಗಿ 110ರ ಹೊತ್ತಿಗೆ ಐದನೇ ಒಂದು ಭಾಗಕ್ಕೋ ಅದಕ್ಕಿಂತ ಕೆಳಗೋ ತಗ್ಗುತ್ತೆ. ನಮ್ಮ 230ಕ್ಕೆ ಅದು 244ರಿಂದ 253. ವೋಲ್ಟ್-ವಾರ್ ಜಾಸ್ತಿ ಅಂದರೆ ಇನ್ವರ್ಟರ್ ಶಕ್ತಿಯ 44 ಪರ್ಸೆಂಟ್ ವಾರ್ ಎಳೆಯುತ್ತೆ. 5 ಕೆವಿಎ ಇನ್ವರ್ಟರ್‌ಗೆ 2.2 ಕಿಲೋವಾರ್. ಆಗಲೂ ನಿಜವಾದ ಪವರಿಗೆ 4.49 ಕಿಲೋವ್ಯಾಟ್ ಜಾಗ ಉಳಿಯುತ್ತೆ, ನಷ್ಟ ಜಾಸ್ತಿ ಇಲ್ಲ.

ಭೋಸರಿ ಕಾಕಾ · ಶನಿವಾರ

ತಮ್ಮಾ, ಪುಸ್ತಕದಲ್ಲಿ ಚೆನ್ನಾಗಿದೆ. ಮನೆ ವೈರಿನಲ್ಲಿ ವಾರ್ ಆಟ ನಡೆಯಲ್ಲ. 10 ಸ್ಕ್ವೇರ್ ಕೇಬಲ್‌ನಲ್ಲಿ ರೆಸಿಸ್ಟೆನ್ಸ್ 1.83 ಇದ್ದರೆ ರಿಯಾಕ್ಟೆನ್ಸ್, ಅಂದರೆ ಏರಿಳಿಯುವ ಕರೆಂಟಿಗೆ ಮಾತ್ರ ಒಡ್ಡುವ ತಡೆ, 0.1ರ ಆಸುಪಾಸು. ಇಪ್ಪತ್ತು ಪಟ್ಟು ವ್ಯತ್ಯಾಸ. ವಾರ್ ಕೆಲಸ ಮಾಡೋದು ರಿಯಾಕ್ಟೆನ್ಸ್ ಮೇಲೆ. ಬರೀ ಕರೆಂಟ್ ಜಾಸ್ತಿ ಆಗಿ ವೈರ್ ಬಿಸಿ ಆಗುತ್ತೆ ಅಷ್ಟೇ.

ಪಾಷಾಣ ಪಿಎಚ್‌ಡಿ · ಶನಿವಾರ

ಮನೆ ವೈರಿನ ಮಟ್ಟಿಗೆ ಒಪ್ಪಿದೆ ಕಾಕಾ. ಆದರೆ ಟ್ರಾನ್ಸ್‌ಫಾರ್ಮರ್ ಮತ್ತು ಮೇಲಿನ 11,000ದ ಲೈನಿನಲ್ಲಿ ರಿಯಾಕ್ಟೆನ್ಸ್ ಚೆನ್ನಾಗೇ ಇದೆ. ಒಂದು ಮನೆ ಮಾಡಿದರೆ ಗೊತ್ತಾಗಲ್ಲ, ಒಂದು ಡಿಪಿಯ ಹತ್ತು ಮನೆ ಸೇರಿ ಎಳೆದರೆ ಗೊತ್ತಾಗುತ್ತೆ. ದೊಡ್ಡ ಸ್ಥಾವರಗಳಲ್ಲಂತೂ ಅದೇ ಮುಖ್ಯ. 2025ರ ಏಪ್ರಿಲ್ 28ರಂದು ಸ್ಪೇನ್, ಪೋರ್ಚುಗಲ್ ಪೂರ್ತಿ ಕತ್ತಲಾಯ್ತಲ್ಲ, ಮಧ್ಯಾಹ್ನ ಹನ್ನೆರಡೂವರೆಗೆ. ಅದು ಓವರ್‌ವೋಲ್ಟೇಜ್ ಸರಪಳಿ. ವೋಲ್ಟೇಜ್ ಏರಿತು, ಸ್ಥಾವರಗಳು ಬಿಡಿಸಿಕೊಂಡವು, ಅವು ಬಿಟ್ಟ ಕೂಡಲೇ ವೋಲ್ಟೇಜ್ ಇನ್ನೂ ಏರಿತು, ಮತ್ತಷ್ಟು ಬಿಡಿಸಿಕೊಂಡವು. ಅಲ್ಲಿನ ಸೋಲಾರ್, ಗಾಳಿ ಸ್ಥಾವರಗಳು ಆಗಿನ ನಿಯಮದಂತೆ ನಿಗದಿತ ಪವರ್ ಫ್ಯಾಕ್ಟರ್‌ನಲ್ಲಿ, ಅಂದರೆ ಪವರಿಗೂ ವಾರ್‌ಗೂ ಒಂದೇ ಅನುಪಾತ ಇಟ್ಟುಕೊಂಡು, ನಡೆಯುತ್ತಿದ್ದವು, ವೋಲ್ಟೇಜ್ ನೋಡಿ ವಾರ್ ಬದಲಿಸುತ್ತಿರಲಿಲ್ಲ. ಹೇಳಿದ ಮಾತು ಕೇಳುತ್ತಿದ್ದವು, ಅಕ್ಕನ ಇನ್ವರ್ಟರ್ ಥರಾನೇ.

ವಾಕಡ್ ಟೆಕ್ಕಿ · ಶನಿವಾರ

ತಡಿ ತಡಿ. ಸೋಲಾರ್ ಬಿಟ್ಟರೆ ವೋಲ್ಟೇಜ್ ಇಳಿಯಬೇಕಲ್ವಾ? ಅಕ್ಕನ ಮನೆಯಲ್ಲಿ ಹಾಗೇ ತಾನೇ ಆಗ್ತಿರೋದು?

ಪಾಷಾಣ ಪಿಎಚ್‌ಡಿ · ಶನಿವಾರ

ಈ ಸಲ ನಿಜವಾಗಲೂ ಒಳ್ಳೇ ಪ್ರಶ್ನೆ. ಮನೆ ಲೈನ್ ರೆಸಿಸ್ಟೆನ್ಸ್‌ನದ್ದು, ಪವರ್ ನಿಂತರೆ ವೋಲ್ಟೇಜ್ ಇಳಿಯುತ್ತೆ. ನಾಲ್ಕು ಲಕ್ಷ ವೋಲ್ಟ್‌ನ ಉದ್ದ ಲೈನ್‌ಗಳು ಹಗುರ ಆದಷ್ಟೂ ತಾವೇ ಕೆಪಾಸಿಟರ್ ಥರ ವಾರ್ ಹುಟ್ಟಿಸಿ ವೋಲ್ಟೇಜ್ ಏರಿಸುತ್ತವೆ. ಜೊತೆಗೆ ಬಿಡಿಸಿಕೊಂಡ ಸ್ಥಾವರ ಅಲ್ಲಿಯವರೆಗೆ ನುಂಗುತ್ತಿದ್ದ ವಾರ್ ಕೂಡ ಲೈನಿಗೇ ಬೀಳುತ್ತೆ. ಕಾಯಿಲೆ ಒಂದೇ ಹೆಸರಿನದ್ದು, ಔಷಧ ಬೇರೆ.

ಚಿಂಚವಾಡ ತಾರಸಿ · ಏಪ್ರಿಲ್ ಮೂರನೇ ವಾರ

ಬಹಳ ದಿನ ಆಯ್ತು, ಮಗಳ ಪರೀಕ್ಷೆ ಇತ್ತು. ಏನೇನಾಯ್ತು ಹೇಳ್ತೀನಿ. 10 ಸ್ಕ್ವೇರ್ ವೈರ್ ಹಾಕಿಸಿದೆ, ಅರ್ಧ ದುಡ್ಡು ಸೋಲಾರ್‌ನವರೇ ಕೊಟ್ಟರು, ಕಾಕಾನ ಲೆಕ್ಕ ಪ್ರಿಂಟ್ ತೆಗೆದು ತೋರಿಸಿದ ಮೇಲೆ. ಲೈನ್‌ಮನ್ ಬಂದು ಮೀಟರ್ ಬೋರ್ಡ್ ತೆಗೆದರು. ನ್ಯೂಟ್ರಲ್ ವೈರಿನ ತುದಿಯ ಲಗ್ (ಸ್ಕ್ರೂಗೆ ಸಿಕ್ಕಿಸುವ ಲೋಹದ ಕೊಕ್ಕೆ) ಕಪ್ಪಗಾಗಿತ್ತು, ಸುತ್ತಲಿನ ಪ್ಲಾಸ್ಟಿಕ್ ಉಬ್ಬಿ ಕರಗಿ ಆರಿತ್ತು, ಸುಟ್ಟ ಬೆಲ್ಲದ ಬಣ್ಣ. ಸ್ಕ್ರೂ ಬೆರಳಲ್ಲೇ ತಿರುಗಿತು. ಲೈನ್‌ಮನ್ ಭಾವು ಮರಾಠಿಯಲ್ಲಿ ಏನೋ ಗೊಣಗಿ ಹಳೇ ತುದಿ ಕತ್ತರಿಸಿ ಹೊಸ ಲಗ್ ಹಾಕಿ ಬಿಗಿದರು. ಇನ್ವರ್ಟರ್‌ನಲ್ಲಿ ವೋಲ್ಟ್-ವ್ಯಾಟ್ ಇತ್ತಂತೆ, ಆಫ್ ಮಾಡಿ ಇಟ್ಟಿದ್ದರು. ಕಂಪನಿಯವರೇ ಫೋನಿನಲ್ಲಿ ಆನ್ ಮಾಡಿಸಿದರು, 251ರಿಂದ ಇಳಿಸಲು ಶುರು ಅಂತ.

ಈ ಗುರುವಾರ ಹನ್ನೆರಡೂವರೆಗೆ: 16 ಆಂಪಿಯರ್, ಕೆಳಗೆ 249.5, ಮೇಲೆ 251.6. ಆಫ್ ಆಗಲಿಲ್ಲ!

ಭೋಸರಿ ಕಾಕಾ · ಅದೇ ದಿನ

ಖಾಲಿ ಇದ್ದಾಗ ಅದೇ 248 ಅಂತ ಹಿಡಿದರೆ ಮೀಟರ್‌ನಿಂದ ಆಚೆ 0.1 ಓಮ್‌ಗೆ ಬಂತು, ಅಂದರೆ ಅರ್ಧ ಆ ಸ್ಕ್ರೂನಲ್ಲೇ ಕೂತಿತ್ತು. ಅಕ್ಕಾ, ಸೋಲಾರ್ ಆಫ್ ಆಗಿದ್ದು ನಿಮ್ಮ ಪುಣ್ಯ ಅಂದುಕೊಳ್ಳಿ. ಆ ಲಗ್ ಹಾಗೇ ಬಿಟ್ಟಿದ್ದರೆ ಒಂದು ದಿನ ಬೋರ್ಡೇ ಹತ್ತಿಕೊಳ್ಳುತ್ತಿತ್ತು. ಮೂರು ಫೇಸ್ ಮನೆಗಳಲ್ಲಿ ನ್ಯೂಟ್ರಲ್ ಪೂರ್ತಿ ಬಿಟ್ಟರೆ ಇನ್ನೂ ಕಷ್ಟ, ಒಂದು ಕೋಣೆಗೆ 150, ಇನ್ನೊಂದು ಕೋಣೆಗೆ 300 ದಾಟಿ ಹೋಗುತ್ತೆ.

ನಿಗಡಿ ಕೊನೆಮನೆ · ಅದೇ ದಿನ

ಟ್ಯಾಪ್ ಮುಟ್ಟದೆ ಆಯ್ತಲ್ಲ, ಥ್ಯಾಂಕ್ಸ್ ಅಕ್ಕಾ. ನಿಮ್ಮ ಲೈನ್ ಬೇರೆ, ನಮ್ಮದು ಬೇರೆ, ಆದರೂ ಹೇಳಬೇಕು ಅನಿಸಿತು.

ಚಿಂಚವಾಡ ತಾರಸಿ · ಮೇ 1, ಮಧ್ಯಾಹ್ನ

ಮಹಾರಾಷ್ಟ್ರ ದಿನ, ಎಲ್ಲ ವರ್ಕ್‌ಶಾಪ್ ಬಂದ್. ಆಫ್ ಮಾಡಿ ನೋಡಿದರೆ 249. ಆನ್ ಮಾಡಿದೆ. 251ರವರೆಗೆ ಏರಿ ಅಲ್ಲಿಂದ ಮೆಲ್ಲಗೆ ತಡೆದುಕೊಂಡಿತು. 4 ಬರಬೇಕಾದಲ್ಲಿ 3.1 ಕಿಲೋವ್ಯಾಟ್ ಬರ್ತಾ ಇದೆ. ಹೊಟ್ಟೆ ಉರಿಯುತ್ತೆ ನಿಜ, ಆದರೆ ಟಕ್ ಸದ್ದು ಇಲ್ಲ. ಉಳಿದದ್ದು ಮನೆಯಲ್ಲೇ ಖರ್ಚಾಗಲಿ ಅಂತ ಈಗ ಗೀಸರ್ ಹಾಕಿ ಬೆಡ್‌ಶೀಟ್ ನೆನೆಸಿದ್ದೀನಿ. 3.9ಕ್ಕೆ ಏರಿತು.

ಭೋಸರಿ ಕಾಕಾ · ಮೇ 1, ಮಧ್ಯಾಹ್ನ

ಗೀಸರ್ ಉಪಾಯ ನನಗೂ ಹೊಳೆದಿರಲಿಲ್ಲ. ದೀಪಾವಳಿಯಲ್ಲಿ ನಾಲ್ಕು ದಿನ ಸಾಲಾಗಿ ಬಂದ್ ಇರುತ್ತೆ, ಆಗಲೂ ರೀಡಿಂಗ್ ಹಾಕಿ. ಬೆಡ್‌ಶೀಟ್ ಉಳಿಸಿಟ್ಟುಕೊಳ್ಳಿ.